ಒಣ ಮೀಟರ್

ಜನವರಿ 12

ಅಣ್ಣಾ,

ಇನ್ನು ಮೇಲೆ ಫೋನ್ ಮಾಡಬೇಡ. ಮಾಡಿದರೂ “ಚೆನ್ನಾಗಿದ್ದೀನಿ, ಊಟ ಆಯ್ತು” ಎಂಬೆರಡು ಮಾತಿಗಿಂತ ಹೆಚ್ಚು ಸಿಗುವುದಿಲ್ಲ. ಈ ಫೋನು ಕಂಪನಿ ಕೊಟ್ಟದ್ದು. ನಾನು ಯಾವ ಬೀದಿಯಲ್ಲಿದ್ದೇನೆ, ಎಷ್ಟು ಹೊತ್ತಿನಿಂದ ಅಲ್ಲಾಡದೆ ನಿಂತಿದ್ದೇನೆ ಎಂಬುದೆಲ್ಲ ಸೂಪರ್‌ವೈಸರ್‌ನ ಪರದೆಯ ಮೇಲೆ ಹಸಿರು ಚುಕ್ಕಿಯಾಗಿ ಕಾಣುತ್ತದೆ. ನಿನ್ನೆ ಒಂದು ಮರದ ನೆರಳಲ್ಲಿ ಹತ್ತು ನಿಮಿಷ ಕೂತೆ. ಸಂಜೆ ಕಚೇರಿಗೆ ಹೋದರೆ, “ಏನಮ್ಮಾ, ಮರಕ್ಕೂ ಮೀಟರ್ ಕೂರಿಸ್ತಿದ್ಯಾ?” ಎಂದು ಎಲ್ಲರೆದುರು ಕೇಳಿದ. ಜಾಗ ಕಾಣುವ ಫೋನಿಗೆ ಮಾತೂ ಕೇಳಿಸುತ್ತದೋ ಏನೋ. ಗೊತ್ತಿಲ್ಲದ ಕಡೆ ಬಾಯಿ ಮುಚ್ಚಿಕೊಂಡಿರುವುದು ವಾಸಿ. ಹಾಗಾಗಿ ಈ ಕಾಗದ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳ ಅಕ್ಷರ, ಸಹಿಸಿಕೋ.

ನಾನೀಗ ಮನೆ ಮನೆಗೆ ನೀರಿನ ಮೀಟರ್ ಕೂರಿಸುತ್ತಿದ್ದೇನೆ. ಆರು ವರ್ಷದಲ್ಲಿ ಇದು ಏಳನೇ ಕೆಲಸ, ಅಮ್ಮನಿಗೆ ನಾಲ್ಕನೆಯದು ಎಂದು ಹೇಳು. ಬೇಡ, ಏಳು ಎಂದೇ ಹೇಳು. ಹೆಂಗಸರು ಮಾತ್ರ ಇರುವ ಮನೆಗೂ ಹುಡುಗಿ ಹೋದರೆ ಬಾಗಿಲು ತೆಗೆಯುತ್ತಾರೆಂದು ನನ್ನನ್ನು ತೆಗೆದುಕೊಂಡರು.

ಹೊಸ ಮೀಟರಿನ ಹೊಟ್ಟೆಯಲ್ಲಿ ಒಂದು ಸಿಮ್ ಇದೆ. ಗಂಟೆಗೊಮ್ಮೆ ಎಷ್ಟು ನೀರು ಹರಿಯಿತೆಂದು ಅದೇ ಕಚೇರಿಗೆ ವರದಿ ಒಪ್ಪಿಸುತ್ತದೆ. ಮೊನ್ನೆ ಪರದೆಯಲ್ಲಿ ನೋಡಿದೆ. ಬೆಳಗಿನ ಐದಕ್ಕೆ ಗೆರೆ ಎದ್ದರೆ ಆ ಮನೆಯಲ್ಲಿ ಒಬ್ಬರು ಎದ್ದರು. ಏಳಕ್ಕೆ ಗುಡ್ಡದಂತೆ ಏರಿದರೆ ಮಕ್ಕಳ ಸ್ನಾನ. ಮೂರು ದಿನ ಗೆರೆ ಮಲಗಿಯೇ ಇದ್ದರೆ ಮನೆಯಲ್ಲಿ ಯಾರೂ ಇಲ್ಲ. ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ದಿನಾ ಹನ್ನೊಂದಕ್ಕೆ ಯಾರೋ ಸ್ನಾನ ಮಾಡುತ್ತಾರೆ! ಸೂಪರ್‌ವೈಸರ್ ತೋರಿಸಿ ನಕ್ಕ. ನನಗೂ ನಗು ಬಂತು. ದಾರಿಯಲ್ಲಿ ಬರುತ್ತಾ ನನ್ನನ್ನೇ ಕೇಳಿಕೊಂಡೆ: ನಾನು ಗೋಡೆಗೆ ಮೀಟರ್ ಹಾಕುತ್ತಿದ್ದೇನೋ, ಕಿವಿ ಹಾಕುತ್ತಿದ್ದೇನೋ?

ಕ್ಷೇಮವೆಂದು ಬರೆಯಬೇಕಂತೆ. ಮೇಲಿನದನ್ನು ಓದಿ ನೀನೇ ಹೇಳು.

ನಿನ್ನ ತಂಗಿ


ಜನವರಿ 25

ಸಂಶಯ ಪಿಶಾಚಿಯಾದ ನನ್ನ ತಂಗಿಗೆ,

ನಿನ್ನ ಕಾಗದವನ್ನು ನನಗಿಂತ ಮೊದಲು ಅಮ್ಮ ಒಡೆದು ಓದಿದಳು. “ಹನ್ನೊಂದಕ್ಕೆ ಸ್ನಾನ ಮಾಡೋದು ಯಾರಂತೆ?” ಎಂದು ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದ್ದಾಳೆ. ಅತ್ತೆ ಇರಬಹುದು ಎಂದೆ. “ಅತ್ತೆ ಆಗಿದ್ರೆ ಐದಕ್ಕೇ ಏಳ್ತಿದ್ಲು” ಎಂದಳು.

ನೀನು ಅಷ್ಟು ಹೆದರಬೇಡ. ನಾನು ಪತ್ರಿಕೆಯ ತಂತ್ರಜ್ಞಾನ ಪುಟ ನೋಡಿಕೊಳ್ಳಲು ಶುರುಮಾಡಿ ನಾಲ್ಕು ವರ್ಷವಾಯಿತು. ಹೊಸ ಯಂತ್ರ ಬಂದಾಗಲೆಲ್ಲ ಜನ ಹೀಗೇ ಬೆಚ್ಚುತ್ತಾರೆ, ಆಮೇಲೆ ಅದಿಲ್ಲದೆ ಕೈಕಾಲು ಆಡುವುದಿಲ್ಲ ಎನ್ನುತ್ತಾರೆ. ಆದರೆ ನೀನು ಬರೆದದ್ದು ಸ್ವಾರಸ್ಯವಾಗಿದೆ. ಆ ಗೆರೆಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರು ನೋಡಬಹುದು, ಗೊತ್ತಾದರೆ ಬರೆ.

ಏಳನೇ ಕೆಲಸವನ್ನಾದರೂ ಒಂದು ವರ್ಷ ಮಾಡು. ಕಾಲಿಗೆ ಕಟ್ಟಿಕೊಂಡ ಚಕ್ರ ಸ್ವಲ್ಪ ಬಿಚ್ಚಿಡು.

ಅಣ್ಣ


ಫೆಬ್ರವರಿ 11

ಅಣ್ಣಾ,

ನಿನಗೆ ಹೇಳಿಬಿಟ್ಟರೆ ನನಗೆ ನಿದ್ದೆ ಬರುತ್ತದೆ.

ಹಳೇ ಗಿರಣಿಯ ಹಿಂದೆ ನಗರಸಭೆಯ ಸಾಲುಮನೆಗಳಿವೆ, ಒಟ್ಟು ಹದಿನಾಲ್ಕು. ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡಿದೆ. ಎರಡೆರಡು ಮನೆಗೆ ಒಂದೇ ಪೈಪು. ಅದು ಮುಂದಿನ ಮನೆಗೆ ಬಂದು, ನೆಲದೊಳಗಿನಿಂದಲೇ ಹಿಂದಿನ ಮನೆಗೆ ಹೋಗುತ್ತದೆ. ಕಂಪನಿಯ ಆದೇಶವೋ, ಬಾಗಿಲಿಗೊಂದು ಮೀಟರ್. ಪೈಪು ಬೇರೆ ಮಾಡಬೇಕಾದರೆ ನೆಲ ಅಗೆಯಬೇಕು. ಗಾರೆಯವರನ್ನು ಕೊಡಿ ಎಂದು ಸೂಪರ್‌ವೈಸರ್‌ನನ್ನು ಕೇಳಿದೆ. “ದಿನಕ್ಕೆ ಇಪ್ಪತ್ತೆರಡು ಮೀಟರ್ ಆಗ್ಬೇಕು, ನೀನು ಅರಮನೆ ಕಟ್ಟೋಕೆ ಹೊರಟಿದೀಯ. ಗೋಡೆಗೆ ಕೂರ್ಸಿ ಫೋಟೊ ಹಾಕು, ಮುಂದಿನದ್ದು ಆಮೇಲೆ ನೋಡ್ಕೊಳ್ಳೋಣ” ಎಂದ.

ಹೀಗೆ ನೀರಿಗೆ ಸೇರಿಸದೆ ಗೋಡೆಗೆ ಸುಮ್ಮನೆ ತೂಗುಹಾಕುವುದನ್ನು ನಮ್ಮವರು ಒಣ ಮೀಟರ್ ಎನ್ನುತ್ತಾರೆ. ಹಿಂದಿನ ಏಳು ಮನೆಗೂ ಒಣ ಮೀಟರ್ ಹಾಕಿದೆ. ಆ ಮನೆಗಳವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಂದಿನ ಮನೆಗೆ ಬರುವ ಬಿಲ್ಲನ್ನು ಇಬ್ಬರೂ ಹಂಚಿಕೊಳ್ಳುತ್ತೇವೆ, ಬಿಡು ಎಂದರು.

ಕಷ್ಟ ಬಂದದ್ದು ಫೋನಿನಲ್ಲಿ. ಕೆಲಸ ಮುಗಿದ ಮೇಲೆ ಕಂಪನಿಯ ಆ್ಯಪ್‌ನಲ್ಲಿ ಒತ್ತಲು ಎರಡೇ ಗುಂಡಿಗಳಿವೆ. ‘ಅಳವಡಿಸಲಾಗಿದೆ’ ಮತ್ತು ‘ಮನೆಗೆ ಬೀಗ’. ಮೂರನೆಯದು ಇಲ್ಲ. ಒಣ ಮೀಟರ್ ಹಾಕಿದಾಗ ಉಳಿದ ಹುಡುಗರು ‘ಬೀಗ’ ಒತ್ತಿ ಕೈತೊಳೆದುಕೊಳ್ಳುತ್ತಾರೆ, ಇನ್ನೊಂದು ಸಲ ಯಾರೋ ಬಂದು ನೋಡಲಿ ಎಂದು. ನನ್ನ ಕೈ ಏಳಲಿಲ್ಲ. ಒಂದು ಮನೆಯೊಳಗೆ, ಸಾಲಿನವರು ಹೊಲಿಗೆಯಮ್ಮ ಎಂದು ಕರೆಯುವ ಹೆಂಗಸು ಕೂತು ಹೊಲಿಗೆ ಯಂತ್ರ ತುಳಿಯುತ್ತಿದ್ದಾಳೆ, ನನಗೆ ಕಾಫಿ ಕೊಟ್ಟಿದ್ದಾಳೆ. ಅವಳ ಕಣ್ಣೆದುರಿಗೆ ಅವಳ ಮನೆಗೆ ಬೀಗ ಹಾಕಿದೆ ಎಂದು ಹೇಗೆ ಒತ್ತಲಿ? ಮೀಟರ್ ಗೋಡೆಯ ಮೇಲಂತೂ ಇದೆ. ಏಳು ಮನೆಗೂ ‘ಅಳವಡಿಸಲಾಗಿದೆ’ ಎಂದು ಒತ್ತಿದೆ.

ಸುಳ್ಳು ಹೇಳಲಿಲ್ಲ, ಅಲ್ಲವಾ?

ನಿನ್ನ ತಂಗಿ


ಮೇ 19

ಅಣ್ಣಾ,

ಮೂರು ತಿಂಗಳಿಂದ ನೀನು ಬರೆದಿಲ್ಲ, ನಾನೂ ಬರೆದಿಲ್ಲ. ಅದರ ಜಗಳ ಆಮೇಲೆ ಆಡೋಣ.

ನಿನ್ನೆ ಹೊಲಿಗೆಯಮ್ಮ ದಾರಿಯಲ್ಲಿ ಸಿಕ್ಕಿ ಒಂದು ಚೀಟಿ ಚಾಚಿದಳು. “ನಾನಿಲ್ಲವಂತೆ ಕಣೇ” ಎಂದಳು. ತಮಾಷೆ ಎಂದುಕೊಂಡೆ. ನಗರಸಭೆಯ ನೋಟಿಸ್ ಅದು. ತೊಂಬತ್ತು ದಿನಗಳಿಂದ ಈ ಮನೆಯಲ್ಲಿ ಒಂದು ತೊಟ್ಟು ನೀರೂ ಬಳಕೆಯಾಗದ ಕಾರಣ ಇಲ್ಲಿ ಯಾರೂ ವಾಸವಿಲ್ಲವೆಂದು ತೀರ್ಮಾನಿಸಲಾಗಿದೆ, ಮನೆಯ ಹಂಚಿಕೆ ರದ್ದಾಗಿದೆ, ಈ ವಿಳಾಸದ ಹೆಸರುಗಳನ್ನು ಮತದಾರರ ಪಟ್ಟಿಯಿಂದ ತೆಗೆಯಲು ಶಿಫಾರಸು ಮಾಡಲಾಗಿದೆ, ಆಕ್ಷೇಪಣೆ ಇದ್ದರೆ ಜೂನ್ 23ರಂದು ವಿಚಾರಣೆಗೆ ಬರತಕ್ಕದ್ದು.

“ಇಲ್ಲದವಳ ಕೈಗೇ ನೋಟಿಸ್ ಕೊಟ್ಟು, ಇಲ್ಲದವಳ ಹತ್ರಾನೇ ಸಹಿ ತಗೊಂಡು ಹೋದ ನೋಡು ಆ ಪ್ಯೂನ್! ದೆವ್ವಕ್ಕೂ ಸಹಿ ಬರುತ್ತೆ ಅಂದ್ಕೊಂಡ್ನೇನೋ” ಎಂದಳು. ನಕ್ಕಳು. ಆಮೇಲೆ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಇಪ್ಪತ್ತಾರು ವರ್ಷದಿಂದ ಇದ್ದಾಳೆ ಅಣ್ಣ ಆ ಮನೆಯಲ್ಲಿ.

ಏಳು ಮನೆಗೂ ಬಂದಿದೆ. ನನ್ನ ಏಳು ಮನೆಗೆ. ಅವಳ ಮನೆಯ ಬೆನ್ನಿಗೆ ಅಂಟಿಕೊಂಡ ಮುಂದಿನ ಮನೆಯ ಡ್ರೈವರಿಗೆ, ಎರಡು ಮನೆಯ ನೀರೂ ಅವನ ಮೀಟರಿನಲ್ಲೇ ಓಡಿದ್ದಕ್ಕೆ, ‘ಅತಿಯಾಗಿ ನೀರು ಪೋಲು ಮಾಡುತ್ತಿದ್ದೀರಿ’ ಎಂದು ಬೇರೊಂದು ನೋಟಿಸ್.

ಇನ್ನೊಂದು ವಿಷಯ. ವಾರ್ಡಿನ ಚುನಾವಣೆ ಹತ್ತಿರ ಬಂದಿದೆ. ಈಗಿನ ನಗರಸಭೆ ಮೆಂಬರ್ ಕಡೆಯವರು ಮತ ಕೇಳಲು ಬರುತ್ತಿದ್ದಾರೆ. ಅವರು ಬರುವ ಹೊತ್ತು ನೋಡು: ಯಾವ ಮನೆಯವರು ಸಂಜೆ ಆರಕ್ಕೆ ಬರುತ್ತಾರೋ ಆ ಮನೆಗೆ ಆರೂಕಾಲಿಗೆ, ಯಾವ ಮನೆಯವರು ಬೆಳಿಗ್ಗೆ ಮಾತ್ರ ಸಿಗುತ್ತಾರೋ ಅಲ್ಲಿಗೆ ಬೆಳಿಗ್ಗೆ. “ನಾವು ಕೈಕಾಲು ತೊಳ್ಕೊಳ್ಳೋಕೆ ಪುರುಸೊತ್ತಿಲ್ಲ, ಬಾಗಿಲು ತಟ್ತಾರೆ. ಮೂಗಿಗೆ ವಾಸನೆ ಬಡಿಯುತ್ತೇನೋ” ಎನ್ನುತ್ತಾನೆ ಡ್ರೈವರ್. ಸಾಲಿನಲ್ಲಿ ಏಳು ಮನೆಯ ಬಾಗಿಲನ್ನು ಮಾತ್ರ ಅವರು ಇದುವರೆಗೆ ಒಮ್ಮೆಯೂ ತಟ್ಟಿಲ್ಲ. ಯಾವ ಏಳು ಎಂದು ಕೇಳಬೇಡ.

ಯಾರು ಯಾವ ಹೊತ್ತಿಗೆ ಮನೆಯಲ್ಲಿರುತ್ತಾರೆಂಬ ಮೀಟರಿನ ಪಟ್ಟಿ ಅವರ ಕೈಗೆ ಹೇಗೆ ಬಂತೆಂದು ಸೂಪರ್‌ವೈಸರ್‌ನನ್ನು ಕೇಳಿದೆ. “ಡೇಟಾ ಕಂಪನಿದು. ಯಾರಿಗೆ ಬೇಕಾದ್ರೂ ಕೊಡುತ್ತೆ. ಒಪ್ಪಿಗೆ ಪತ್ರಕ್ಕೆ ಮನೆ ಮನೆಯಲ್ಲೂ ಸಹಿ ಹಾಕಿಸ್ಕೊಂಡು ಬಂದವಳು ಯಾರು? ನೀನೇ ಅಲ್ವಾ?” ಎಂದ. ಹೌದು, ನಾನೇ. ಎಂಟು ಪುಟ, ಇರುವೆ ಗಾತ್ರದ ಅಕ್ಷರ. ನಾನೂ ಓದಿರಲಿಲ್ಲ.

ಆದರೆ ನೀರಿನ ಮೀಟರ್ ನೋಡಿ ಮನೆ ಖಾಲಿ ಎಂದು ಘೋಷಿಸುವ ಬುದ್ಧಿ ಯಾರಿಗೆ ಹೊಳೆಯಿತು? ನನಗೆ ಮೆಂಬರ್ ಮೇಲೆ ಗುಮಾನಿ. ನೀನು ಬರೆ ಅಣ್ಣ. ನಿನ್ನ ಪುಟದಲ್ಲಿ ಬಂದರೆ ಅಲ್ಲಾಡುತ್ತಾರೆ.

ನಿನ್ನ ತಂಗಿ


ಮೇ 28

ತಂಗೀ,

ಆತುರಪಡಬೇಡ. ಎರಡು ವಿಷಯ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತೆಂದು ಹೇಳಲಾಗದು. ಮೆಂಬರ್ ಹೆಸರು ಬರೆಯಬೇಕಾದರೆ ದಾಖಲೆ ಬೇಕು. ಜೊತೆಗೆ ನಿಮ್ಮ ಮೀಟರ್ ಕಂಪನಿ ಈಗ ನಮ್ಮ ಪತ್ರಿಕೆಗೆ ವಾರಕ್ಕೊಂದು ಪುಟ ಜಾಹೀರಾತು ಕೊಡುತ್ತಿದೆ. ಸಂಪಾದಕರು ಹತ್ತು ಸಲ ಯೋಚಿಸುತ್ತಾರೆ.

ಮುಖ್ಯವಾಗಿ, ಆ ಏಳು ಒಣ ಮೀಟರುಗಳ ವಿಷಯ ಯಾರ ಹತ್ತಿರವೂ ಬಾಯಿಬಿಡಬೇಡ. ನೀರಿಗೆ ಸೇರಿಸದೆ ‘ಅಳವಡಿಸಲಾಗಿದೆ’ ಎಂದು ಒತ್ತಿದವಳು ನೀನು. ಕಂಪನಿ ನಿನ್ನೊಬ್ಬಳ ತಲೆಗೆ ಕಟ್ಟಿ ಪಾರಾಗುತ್ತದೆ. ಆ ಮನೆಯವರು ಗ್ಯಾಸ್ ಬಿಲ್ಲು, ಪಡಿತರ ಚೀಟಿ ಏನಾದರೂ ತೋರಿಸಿ ತಾವೇ ನಿಭಾಯಿಸಿಕೊಳ್ಳಲಿ.

ಅಮ್ಮನಿಗೆ ಇದನ್ನೆಲ್ಲ ಹೇಳಿಲ್ಲ. ಕಾಗದ ಈಗ ನೇರವಾಗಿ ನನ್ನ ಕಚೇರಿಗೆ ಬರಲಿ.

ಅಣ್ಣ


ಜೂನ್ 6

ಗ್ಯಾಸ್ ಬಿಲ್ಲು, ಪಡಿತರ ಚೀಟಿ ಎಲ್ಲ ಹಿಡಿದುಕೊಂಡು ಹೊಲಿಗೆಯಮ್ಮ ನಗರಸಭೆಗೆ ಹೋದಳು. ಜೊತೆಗೆ ನಾನೂ ಹೋದೆ. ಅಧಿಕಾರಿ ಕಾಗದಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. “ಇವೆಲ್ಲ ಯಾರು ಬೇಕಾದ್ರೂ ಮಾಡ್ಸ್ಕೋಬಹುದಮ್ಮ. ನೀರು ಸುಳ್ಳು ಹೇಳಲ್ಲ” ಎಂದ.

ಅವನ ಮೇಜಿಗೆ ಗಾಜು ಹೊದಿಸಿದೆ. ಗಾಜಿನ ಕೆಳಗೆ ಪತ್ರಿಕೆಯ ತುಣುಕೊಂದಿದೆ. ಅದರಲ್ಲಿ ಎರಡು ಸಾಲಿನ ಕೆಳಗೆ ಕೆಂಪು ಪೆನ್ಸಿಲ್ಲಿನ ಗೆರೆ. ತಲೆಕೆಳಗಾಗಿ ಓದುವುದು ನನಗೆ ಬರುತ್ತದೆ, ಮೇಷ್ಟರ ಮೇಜಿನ ಮುಂದೆ ನಿಂತು ನಿಂತು ಕಲಿತದ್ದು.

“ಮೂರು ದಿನ ಗೆರೆ ಮಲಗಿಯೇ ಇದ್ದರೆ ಮನೆಯಲ್ಲಿ ಯಾರೂ ಇಲ್ಲ ಎನ್ನುತ್ತಾರೆ ಈ ಕ್ಷೇತ್ರದ ಅನುಭವಿ ತಂತ್ರಜ್ಞರೊಬ್ಬರು. ನಗರಸಭೆಗಳು ಮನಸ್ಸು ಮಾಡಿದರೆ ಖಾಲಿ ಬಿದ್ದ ಮನೆಗಳನ್ನು ಒಂದೇ ಗುಂಡಿ ಒತ್ತಿ ಪತ್ತೆ ಹಚ್ಚಬಹುದು.”

ಮೇಲೆ ನಿನ್ನ ಭಾವಚಿತ್ರ. ಆ ಅನುಭವಿ ತಂತ್ರಜ್ಞೆ ನಾನು, ಅಲ್ಲವಾ?

ಅಧಿಕಾರಿ ನನ್ನ ಕಣ್ಣು ಹೋದ ಕಡೆ ನೋಡಿ, “ಒಳ್ಳೆ ಲೇಖನ. ನಮಗೆ ಐಡಿಯಾ ಬಂದಿದ್ದೇ ಇದರಿಂದ” ಎಂದ, ಹೆಮ್ಮೆಯಿಂದ.

ನನ್ನ ಫೋನಿನ ಮೇಲೆ ಅನುಮಾನ ಪಟ್ಟೆ, ಸೂಪರ್‌ವೈಸರ್ ಮೇಲೆ ಪಟ್ಟೆ, ಮೆಂಬರ್ ಮೇಲೆ ಪಟ್ಟೆ. ಕಾಗದದ ಮೇಲೆ ಪಡಲಿಲ್ಲ. ಒಂದೇ ಪ್ರಶ್ನೆ: ಬಾಯಿಬಿಡಬೇಡ ಎಂದೆಯಲ್ಲ, ಕಾಪಾಡಿದ್ದು ನನ್ನನ್ನೋ, ನಿನ್ನ ಅಂಕಣವನ್ನೋ?

ಈ ಕಾಗದವನ್ನೂ ಅಚ್ಚು ಹಾಕುತ್ತೀಯಾದರೆ ತಪ್ಪಿಲ್ಲದೆ ಹಾಕು.

ಸಹಿ ಮಾಡುವ ಮನಸ್ಸಿಲ್ಲ.


ಜೂನ್ 15

ತಂಗೀ,

ನಾಲ್ಕು ಸಲ ಬರೆದು ಹರಿದೆ.

ಆ ಅಂಕಣ ಬಂದದ್ದು ಫೆಬ್ರವರಿಯ ಮೊದಲ ವಾರ. ನಿನ್ನ ಕಾಗದ ಚೆನ್ನಾಗಿತ್ತು, ಆ ವಾರ ನನ್ನ ಹತ್ತಿರ ಬೇರೆ ಸರಕಿರಲಿಲ್ಲ. ಗೋಡೆಗೆ ಕಿವಿ ಹಾಕುತ್ತಿದ್ದೇನೋ ಎಂದು ನೀನು ಬರೆದಿದ್ದೆಯಲ್ಲ, ಆ ಸಾಲನ್ನೂ ಮೊದಲು ಸೇರಿಸಿದ್ದೆ. ಆಮೇಲೆ ತೆಗೆದೆ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಕಿದೆ. ಖಾಲಿ ಮನೆಗಳು ಸಿಕ್ಕರೆ ಸೂರಿಲ್ಲದವರಿಗೆ ಕೊಡಬಹುದು ಎಂದು ಕೊನೆಯಲ್ಲಿ ಒಂದು ಸಾಲು ಬರೆದು, ಒಳ್ಳೆಯ ಕೆಲಸ ಮಾಡಿದೆನೆಂದು ಬೆನ್ನು ತಟ್ಟಿಕೊಂಡೆ. ಅದಾದ ಹದಿನೈದು ದಿನಕ್ಕೆ ಜಾಹೀರಾತು ಬರಲು ಶುರುವಾಯಿತು. ಸಂಪಾದಕರು ನನ್ನನ್ನು ಕರೆದು ಟೀ ಕುಡಿಸಿದರು. ಮೂರು ತಿಂಗಳು ನಿನಗೆ ಬರೆಯದಿದ್ದದ್ದು ಇದಕ್ಕೇ.

ಮೇ ತಿಂಗಳ ನಿನ್ನ ಕಾಗದ ಓದಿದ ಕ್ಷಣವೇ ನನಗೆ ಗೊತ್ತಾಗಿತ್ತು. ನಿನ್ನ ಪ್ರಶ್ನೆಗೆ ಉತ್ತರ: ಎರಡನ್ನೂ. ಅರ್ಧರ್ಧ ಎಂದು ಹೇಳಲಾರೆ, ತೂಗಿ ನೋಡುವ ಧೈರ್ಯವಿಲ್ಲ.

ವಿಚಾರಣೆಗೆ ಹೋಗಬೇಡ ಎಂದು ಹೇಳಲು ನನಗೆ ಬಾಯಿಲ್ಲ.

ಅಣ್ಣ


ಜೂನ್ 27

ಅಣ್ಣಾ,

ಹೋದೆ.

ಹಿಂದಿನ ದಿನ ಸಾಲಿನವರೆಲ್ಲ ಹೊಲಿಗೆಯಮ್ಮನ ಮನೆಯಲ್ಲಿ ಸೇರಿದ್ದರು. ನಾನು ಹೇಳಬೇಕೆಂದಿರುವುದನ್ನು ಹೇಳಿದೆ. “ಹುಚ್ಚುಡುಗಿ, ನಿನ್ನ ಕೆಲಸ ಹೋಗುತ್ತೆ ಕಣೇ” ಎಂದಳು ಹೊಲಿಗೆಯಮ್ಮ. “ನಿಮ್ಮ ಮನೆ ಹೋಗುತ್ತಲ್ಲಮ್ಮಾ” ಎಂದೆ. ಡ್ರೈವರ್, “ಇವಳಿಗೆ ಕೆಲಸ ಹೋಗೋದು ಅಂದ್ರೆ ನಮಗೆ ಬಸ್ಸು ಹೋದ ಹಾಗೆ ಬಿಡಿ, ಇನ್ನೊಂದು ಬರುತ್ತೆ” ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಈ ಕೆಲಸ ನನಗೆ ಇಷ್ಟವಾಗಿತ್ತು ಅಣ್ಣ. ಹಿಂದಿನ ಆರರಲ್ಲಿ ಯಾವುದೂ ಆಗಿರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ, ನಮ್ಮ ಸೂಪರ್‌ವೈಸರ್, ಮೂಲೆಯ ಕುರ್ಚಿಯಲ್ಲಿ ಮೆಂಬರ್. ಏಳು ಮೀಟರೂ ನೀರಿಗೆ ಸೇರಿಲ್ಲ, ಹಾಗೆ ಕೂರಿಸಿದವಳು ನಾನೇ ಎಂದು ಎದ್ದು ನಿಂತು ಹೇಳಿದೆ. ಸೂಪರ್‌ವೈಸರ್ ಮೊದಲು ನೆಲ ನೋಡಿದ, ಆಮೇಲೆ, “ಸರ್, ಈ ಹುಡುಗಿ ಮೊದಲಿಂದಾನೂ ಸ್ವಲ್ಪ ಹೀಗೇ” ಎಂದ.

ಅಧಿಕಾರಿ ಕನ್ನಡಕ ತೆಗೆದ. “ಅಳವಡಿಸಲಾಗಿದೆ ಅಂತ ಒತ್ತಿದವಳು ನೀನು. ಈಗ ಅದು ಸುಳ್ಳು ಅಂತಿರೋಳೂ ನೀನೇ. ಆವತ್ತು ಸುಳ್ಳು ಹೇಳಿದವಳು ಇವತ್ತು ನಿಜ ಹೇಳ್ತಾಳೆ ಅಂತ ನಾನ್ಯಾಕೆ ನಂಬ್ಲಿ?”

ಅವನು ಕೇಳಿದ್ದು ಸರಿಯಾಗೇ ಇತ್ತು. “ನಂಬಬೇಡಿ ಸರ್. ನನ್ನನ್ನೂ ನಂಬಬೇಡಿ, ಮೀಟರನ್ನೂ ನಂಬಬೇಡಿ. ಹತ್ತು ನಿಮಿಷದ ದಾರಿ, ಬನ್ನಿ, ಬಿಚ್ಚಿ ನೋಡಿ” ಎಂದೆ.

“ಸೀಲ್ ಒಡೆದ್ರೆ ಅಪರಾಧ ಸರ್!” ಎಂದ ಸೂಪರ್‌ವೈಸರ್. ಅದನ್ನು ಹೇಳದಿದ್ದರೆ ಅಧಿಕಾರಿ ಏಳುತ್ತಿರಲಿಲ್ಲವೇನೋ. ಅವನ ಗಾಬರಿ ನೋಡಿ ಅಧಿಕಾರಿಗೂ ಅನುಮಾನ ಬಂತು. “ನಾನು ನಿಂತಿರುವಾಗ ಒಡೆದ್ರೆ ಅಲ್ಲ” ಎಂದು ಎದ್ದ. ಮೆಂಬರಿಗೆ ಅಷ್ಟರಲ್ಲಿ ಎಲ್ಲಿಂದಲೋ ಫೋನ್ ಬಂತು, ಮಾತಾಡುತ್ತಾ ಹೊರಟೇಹೋದ.

ಹೊಲಿಗೆಯಮ್ಮನ ಗೋಡೆಯ ಮೀಟರಿಗೆ ಸ್ಪ್ಯಾನರ್ ಹಾಕಿದೆ. ಸಾಲಿನವರೆಲ್ಲ ಸುತ್ತ ನಿಂತಿದ್ದರು. ಮೀಟರ್ ಕೈಗೆ ಬಂತು, ಒಂದು ಹನಿಯೂ ಬೀಳಲಿಲ್ಲ. ಅದರ ಬಾಯಿಗೆ, ದೂಳು ಹೋಗದಿರಲಿ ಎಂದು ಕಾರ್ಖಾನೆಯಲ್ಲಿ ಒತ್ತಿದ್ದ ಹಳದಿ ಮುಚ್ಚಳ ಹಾಗೆಯೇ ಇತ್ತು. ಅಧಿಕಾರಿ ಅದನ್ನು ಉಗುರಿನಿಂದ ಎಬ್ಬಿಸಿ ತೆಗೆದು ಬೆರಳು ಹಾಕಿದ. ಬೆರಳು ಒಣಗಿಯೇ ಹೊರಗೆ ಬಂತು. ಅಷ್ಟರಲ್ಲಿ ಹೊಲಿಗೆಯಮ್ಮ ಒಳಗೆ ಹೋಗಿ ಒಂದು ಲೋಟ ನೀರು ಹಿಡಿದು ತಂದು ಅವನ ಮುಂದೆ ನಿಂತಳು. “ಕುಡೀರಿ ಸರ್. ಯಾರೂ ಇಲ್ಲದ ಮನೆಯದ್ದು.”

ಅವನು ಕುಡಿದ.

ಏಳು ನೋಟಿಸೂ ರದ್ದಾಯಿತು. ಮರುದಿನ ನನ್ನ ಕೆಲಸವೂ ರದ್ದಾಯಿತು. ಸುಳ್ಳು ವರದಿ ಕೊಟ್ಟಿದ್ದಕ್ಕೆ ಎಂದು ಬರೆದುಕೊಟ್ಟಿದ್ದಾರೆ. ಅದಕ್ಕೆ ಸಹಿ ಹಾಕಿದೆ. ಅಷ್ಟು ನಿಜ.

ಇನ್ನು ಉಳಿದವನು ನೀನು.

ತಂಗಿ


ಜುಲೈ 20

ತಂಗೀ,

ಇದರ ಜೊತೆ ತುಣುಕೊಂದನ್ನು ಇಟ್ಟಿದ್ದೇನೆ. ಒಂಬತ್ತನೇ ಪುಟದ ಕೆಳಗೆ, ಟೆಂಡರ್ ಪ್ರಕಟಣೆಯ ಪಕ್ಕದಲ್ಲಿ, ಆರು ಸಾಲು. ಫೆಬ್ರವರಿಯ ಅಂಕಣದಲ್ಲಿ ನಾನು ಬರೆದದ್ದು ತಪ್ಪು, ನೀರಿನ ಗೆರೆ ನೋಡಿ ಮನೆಯಲ್ಲಿ ಜನರಿಲ್ಲವೆಂದು ಹೇಳಲಾಗದು, ಅದರಿಂದ ಏಳು ಕುಟುಂಬಗಳು ಬೀದಿಗೆ ಬೀಳುವುದರಲ್ಲಿದ್ದವು, ಒಬ್ಬರ ಖಾಸಗಿ ಪತ್ರವನ್ನು ಕೇಳದೆ ಬಳಸಿಕೊಂಡಿದ್ದೆ. ನಾನು ಬರೆದುಕೊಟ್ಟದ್ದು ಮೂವತ್ತು ಸಾಲು. ಮೆಂಬರ್ ವಿಷಯವಿದ್ದ ಸಾಲುಗಳಿಗೆ ದಾಖಲೆ ಕೇಳಿದರು, ನನ್ನ ಹತ್ತಿರ ಇರಲಿಲ್ಲ.

ತಂತ್ರಜ್ಞಾನ ಪುಟ ಈಗ ಬೇರೆಯವರದು. ನನ್ನನ್ನು ಪದಬಂಧಕ್ಕೆ ಹಾಕಿದ್ದಾರೆ. “ಒಳ್ಳೇದಾಯ್ತು, ಅದ್ರಲ್ಲಿ ತಪ್ಪಾದ್ರೆ ಯಾರ ಮನೆಯೂ ಹೋಗಲ್ಲ” ಎಂದಳು ಅಮ್ಮ. ಅವಳಿಗೆ ಎಲ್ಲವನ್ನೂ ಹೇಳಿದೆ.

ಈ ಕಾಗದ ಸಿಕ್ಕಿತೆಂದಾದರೂ ಬರೆ.

ಅಣ್ಣ


ಆಗಸ್ಟ್ 30

ಅಣ್ಣಾ,

ಸಿಕ್ಕಿತು. ಆರು ಸಾಲನ್ನು ಹೊಲಿಗೆಯಮ್ಮನಿಗೆ ಓದಿ ಹೇಳಿದೆ. “ನಿಮ್ಮಣ್ಣ ಇಷ್ಟು ಸಣ್ಣಕ್ಷರದಲ್ಲಿ ಬರೀತಾನಾ?” ಎಂದಳು. ತುಣುಕನ್ನು ಮಡಿಸಿ ದಾರದ ಡಬ್ಬಿಯಲ್ಲಿ ಇಟ್ಟುಕೊಂಡಳು.

ನಾನೀಗ ಪಂಪು ರಿಪೇರಿ ಅಂಗಡಿಯಲ್ಲಿದ್ದೇನೆ. ಎಂಟನೆಯದು.

ಏಳು ಮನೆಗೂ ಬೇರೆ ಪೈಪು ಎಳೆದು ಮೀಟರುಗಳನ್ನು ಸರಿಯಾಗಿ ಸೇರಿಸಿದ್ದಾರೆ. ಮೆಂಬರ್ ಮತ್ತೆ ಗೆದ್ದ. ಈ ಸಲ ಆ ಏಳು ಬಾಗಿಲನ್ನೂ ತಟ್ಟಿ, ಎಲ್ಲರೂ ಇರುವ ಹೊತ್ತಿಗೇ ಬಂದು ಕೈಮುಗಿದು ಹೋದ. ಮೊನ್ನೆ ನಿಮ್ಮ ಪತ್ರಿಕೆಯಲ್ಲೇ, ನಿನ್ನ ಹಳೆಯ ಪುಟದಲ್ಲಿ, ನಮ್ಮ ವಾರ್ಡಿನ ಸುದ್ದಿ ಬಂದಿತ್ತು. ‘ಹೊಸ ಮೀಟರಿನಿಂದ ನೂರಕ್ಕೆ ನೂರು ಫಲ: ಈಗ ಒಂದು ಮನೆಯೂ ಖಾಲಿ ಇಲ್ಲ.’ ನೀನು ನೋಡಿರುತ್ತೀಯ. ಅದು ಹೇಗಾಯಿತೆಂದು ನಿನಗೆ ಹೇಳಬೇಕು.

ಕಳೆದ ವಾರ ಹೊಲಿಗೆಯಮ್ಮ ಅಂಗಡಿಗೆ ಬಂದಳು. ಮಗಳಿಗೆ ಹೆರಿಗೆಯಾಗಿದೆ, ಒಂದು ತಿಂಗಳು ಅಲ್ಲಿರಬೇಕು. ಬೀಗದ ಕೈ ತೆಗೆದು ನನ್ನ ಕೈಯಲ್ಲಿಟ್ಟು, “ದಿನಾ ಒಂದು ಸಲ ಹೋಗಿ ನಲ್ಲಿ ಬಿಟ್ಟು ಬಾರೇ” ಎಂದಳು.

“ಅದು ಸುಳ್ಳಲ್ವೇನಮ್ಮಾ?” ಎಂದೆ.

“ಯಾವುದೇ ಸುಳ್ಳು? ಅದು ನನ್ನ ಮನೆ ಅನ್ನೋದಾ?”

“ಹಾಗಲ್ಲ, ನೀವು ಇಲ್ಲದೇ ಇರೋವಾಗ...”

“ಮಗಳ ಬಾಣಂತನಕ್ಕೆ ಹೋದವಳು ಇಲ್ಲದವಳಾಗ್ತಾಳೇನೇ? ನಿನ್ನ ನಿಜಕ್ಕೆ ನಾನು ಸದಾ ಮನೇಲೇ ಕೂತಿರಬೇಕಾ?”

ಬೀಗದ ಕೈ ಇಟ್ಟುಕೊಂಡೆ.

ಇವತ್ತು ಮಧ್ಯಾಹ್ನ ಹೋದೆ. ಹೊಲಿಗೆ ಯಂತ್ರಕ್ಕೆ ಹಳೆಯ ದುಪ್ಪಟಿ ಹೊದಿಸಿದ್ದಳು. ಬಚ್ಚಲಿಗೆ ಹೋಗಿ ಬಕೆಟ್ ಇಟ್ಟು ನಲ್ಲಿ ತಿರುಗಿಸಿದೆ. ಒಬ್ಬಳೇ ಹೆಂಗಸು ಮಧ್ಯಾಹ್ನದ ಹೊತ್ತು ಎಷ್ಟು ನೀರು ಬಳಸಬಹುದೆಂದು ಯೋಚಿಸುತ್ತಾ ನಿಂತೆ. ಕೈ ತೊಳೆಯುವಷ್ಟು, ಎರಡು ಪಾತ್ರೆ ಬೆಳಗುವಷ್ಟು, ಒಂದು ರವಿಕೆ ನೆನೆಹಾಕುವಷ್ಟು. ಕಡಿಮೆಯಾದರೆ ಅನುಮಾನ, ಹೆಚ್ಚಾದರೆ ನೋಟಿಸ್. ಗೋಡೆಯ ಆಚೆ ಡ್ರೈವರನ ಮನೆಯಲ್ಲೂ ನೀರು ಬೀಳುವ ಸದ್ದು ಕೇಳುತ್ತಿತ್ತು. ಅವನು ಗಾಡಿ ತೆಗೆದುಕೊಂಡು ಹೋಗಿ ಮೂರು ದಿನವಾಯಿತು, ಮನೆಗೆ ಬೀಗವಿದೆ. ನಲ್ಲಿಯನ್ನು ಸಣ್ಣಗೆ ಬಿಟ್ಟೇ ಹೋಗಿದ್ದಾನೆ. ಸಾಲಿನುದ್ದಕ್ಕೂ ಹಾಗೆಯೇ. ಹೊರಗೆ ಹೋಗುವವರೆಲ್ಲ ಈಗ ಬೀಗ ಹಾಕುವ ಮೊದಲು ನಲ್ಲಿ ಬಿಡುತ್ತಾರೆ.

ಬಕೆಟ್ ತುಂಬಿತು. ನಿಲ್ಲಿಸಬೇಕೆಂದು ಕೈ ಚಾಚಿದೆ. ಸಂಜೆಗೆ ಅವಳು ಮುಖ ತೊಳೆಯುತ್ತಾಳಲ್ಲ ಎಂದು ನೆನಪಾಗಿ, ಇನ್ನೊಂದಿಷ್ಟು ಬಿಟ್ಟೆ.

ನಿನ್ನ ತಂಗಿ